ಮೇಲಿನ ಮನೆಯ ಸದ್ದು, ಕೌನ್ಸಿಲ್ ಕೊಟ್ಟ ಡೈರಿ

ಓದುಗರ ಪತ್ರ: ಇಂಗ್ಲೆಂಡಿನಲ್ಲಿ ಸಾಲ ಮಾಡಿ ಫ್ಲಾಟ್ ಕೊಂಡೆವು. ಮೇಲಿನ ಮನೆಯಲ್ಲಿ ವಾರಕ್ಕೆ ಮೂರು ನಾಲ್ಕು ರಾತ್ರಿ ಹಾಡು, ಕುಡಿತ. ಮೆಟ್ಟಿಲ ಮೇಲೆ ಕೂಗಾಟ. ಕೇಳಲು ಹೋದರೆ ಬೈದು ಕಳಿಸಿದರು. ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ದೂರು ಕೊಟ್ಟರೆ ‘ಡೈರಿ ಬರೆಯಿರಿ’ ಎಂದು ಒಂದು ಫಾರ್ಮ್ ಬಂತು. ಪೊಲೀಸರು ‘ಕೌನ್ಸಿಲ್‌ಗೆ ಹೇಳಿ’ ಅನ್ನುತ್ತಾರೆ. ನಾವು ಹೊರಗಿನವರು ಅಂತ ಹೀಗಾ? ಮನೆ ಮಾರಿ ಹೋಗಿಬಿಡೋಣವೇ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಬೆಂಗಳೂರಿನ ನಮ್ಮ ಹಳೆಯ ಬಾಡಿಗೆ ಮನೆ ನೆನಪಾಯಿತು. ಪಕ್ಕದಲ್ಲೇ ಕಲ್ಯಾಣ ಮಂಟಪ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ ನಮ್ಮಲ್ಲೂ 2000ದಿಂದ ಇದೆ. ಠಾಣೆಗೆ ಫೋನ್ ಮಾಡಿದರೆ ‘ಮದುವೆ ಅಲ್ವಾ ಸಾರ್, ಒಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ಒಂದು ದಿನ ಮದುವೆ ಮನೆಯವರಿಗೆ. ನಮಗೆ ಸೀಸನ್ ಪೂರ್ತಿ! ಆಗ ನಾನು ಮಾಡಿದ ತಪ್ಪು ಎಂದರೆ ಒಂದು ಸಲವೂ ಬರೆದು ಕೊಡಲಿಲ್ಲ. ಸುಮ್ನೆ ಫೋನಿನಲ್ಲಿ ರೇಗಾಡಿದೆ. ಅದಕ್ಕೇ ಹೇಳುತ್ತೇನೆ, ಆ ಡೈರಿ ಫಾರ್ಮನ್ನು ಎಸೆಯಬೇಡಿ.

ಡೈರಿ ಎಂದರೆ ಸಾಗಹಾಕುವ ಉಪಾಯ ಅಂತ ನಿಮಗೆ ಅನ್ನಿಸಿದೆ. ಕೆಲವರು ಸುಸ್ತಾಗಿ ಬಿಟ್ಟುಬಿಡುತ್ತಾರೆ ಎನ್ನುವುದೂ ನಿಜವೇ. ಆದರೆ ಅಲ್ಲಿನ ಕಾನೂನು ನಿಂತಿರುವುದೇ ಈ ಕಾಗದದ ಮೇಲೆ. 1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಆ್ಯಕ್ಟ್ ಪ್ರಕಾರ ಸದ್ದಿನ ದೂರು ಬಂದರೆ ಕೌನ್ಸಿಲ್ ವಿಚಾರಿಸಲೇಬೇಕು. ಇಷ್ಟು ಡೆಸಿಬೆಲ್ ದಾಟಿದರೆ ತಪ್ಪು ಎಂಬ ಒಂದೇ ಗೆರೆ ಆ ಕಾಯ್ದೆಯಲ್ಲಿ ಇಲ್ಲ. ಎಷ್ಟು ಸಲ, ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ, ಸಾಮಾನ್ಯ ಮನುಷ್ಯನಿಗೆ ಅದು ತಡೆಯುವಂಥದ್ದೇ, ಇದನ್ನೆಲ್ಲ ಅಧಿಕಾರಿ ತೂಗಿ ನೋಡುತ್ತಾರೆ. ನಿಜಕ್ಕೂ ಉಪದ್ರವ ಇದೆ ಎಂದು ಮನವರಿಕೆಯಾದರೆ ನಿಲ್ಲಿಸುವಂತೆ ನೋಟಿಸ್ ಕೊಡಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕೋರ್ಟು, ದಂಡ. ಸ್ಪೀಕರ್ ಹೊತ್ತೊಯ್ಯುವ ಅಧಿಕಾರವೂ ಅವರಿಗಿದೆ.

ಹಾಗಾಗಿ ‘ರಾತ್ರಿ ತುಂಬ ಗಲಾಟೆ’ ಅಂತ ಬರೆದರೆ ಏನೂ ಆಗೋಲ್ಲ. ಹೀಗೆ ಬರೆಯಿರಿ: ‘ಮಾರ್ಚ್ 4, ಮಂಗಳವಾರ. ರಾತ್ರಿ 11.50ರಿಂದ 1.20. ಬೇಸ್ ಜೋರು, ಹಾಡಿನ ಮಾತು ಕೇಳುತ್ತಿರಲಿಲ್ಲ. ಮಲಗುವ ಕೋಣೆಯ ಬಾಗಿಲು, ಕಿಟಕಿ ಮುಚ್ಚಿತ್ತು. ಮಂಚದ ಪಕ್ಕದ ಲೋಟದಲ್ಲಿ ನೀರು ನಡುಗುತ್ತಿತ್ತು. ಮಗಳು ಎದ್ದಳು, ಎರಡು ಗಂಟೆಯವರೆಗೆ ಮಲಗಲಿಲ್ಲ.’ ಸದ್ದು ಇಲ್ಲದ ರಾತ್ರಿಯನ್ನೂ ‘ಇಲ್ಲ’ ಎಂದೇ ಬರೆಯಿರಿ. ಆಗ ನಿಮ್ಮ ಮಾತಿಗೆ ಬೆಲೆ ಜಾಸ್ತಿ. ಮಗುವಿನ ಅಳು, ಹಗಲಿನ ಓಡಾಟ ಇವನ್ನು ಮಾತ್ರ ಸೇರಿಸಬೇಡಿ. ನಮ್ಮ ಮಿಕ್ಸಿಯೂ ಬೆಳಿಗ್ಗೆ ಆರಕ್ಕೆ ಗುರ್ ಅನ್ನುತ್ತದಲ್ಲ!

ಮೆಟ್ಟಿಲ ಮೇಲಿನ ಕೂಗಾಟ ಬೇರೆ ಲೆಕ್ಕ. ಅದನ್ನು ಅಲ್ಲಿ ಆ್ಯಂಟಿಸೋಷಿಯಲ್ ಬಿಹೇವಿಯರ್ (ಎಎಸ್‌ಬಿ), ಅಂದರೆ ಸುತ್ತಲಿನವರಿಗೆ ಕಾಟ ಕೊಡುವ ನಡತೆ, ಎನ್ನುತ್ತಾರೆ. ಇಂಥ ನಡತೆ ತಡೆಯಲು ಕೋರ್ಟು ಕೊಡುತ್ತಿದ್ದ ಆದೇಶ, 1998ರಲ್ಲಿ ಬಂದ ‘ಆಸ್ಬೋ’, ಅದರ ಹೆಸರು ಕೇಳಿರುತ್ತೀರಿ. ಇಂಗ್ಲೆಂಡಿನಲ್ಲಿ ಅದು ಹೋಗಿ, 2014ರ ಕಾಯ್ದೆಯ ಕೈಕೆಳಗೆ ಬೇರೆ ಅಸ್ತ್ರಗಳು ಬಂದಿವೆ. ಅವುಗಳಲ್ಲಿ ಒಂದು ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್. ಮೊದಲು ಬರವಣಿಗೆಯಲ್ಲಿ ಎಚ್ಚರಿಕೆ, ಆಮೇಲೆ ನೋಟಿಸ್, ಅದನ್ನು ಮುರಿದರೆ ಅಪರಾಧ. ಇದನ್ನು ಕೌನ್ಸಿಲ್ಲೂ ಕೊಡಬಹುದು, ಪೊಲೀಸರೂ ಕೊಡಬಹುದು. ಅಂದರೆ ‘ಅವರಿಗೆ ಹೇಳಿ’ ಎಂಬ ಆಟಕ್ಕೆ ಇಲ್ಲಿ ಜಾಗವೇ ಇರಬಾರದು.

ಆದರೂ ಆಡುತ್ತಾರೆ. ಆ ಆಟ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಲೆಸ್ಟರ್‌ಶೈರ್ ನೋಡಿದೆ. ಅಂಗವಿಕಲ ಮಗಳನ್ನು ಸಾಕುತ್ತಿದ್ದ ತಾಯಿಯೊಬ್ಬರು ಬೀದಿ ಹುಡುಗರ ಕಾಟ ತಾಳದೆ ವರ್ಷಗಟ್ಟಲೆ ಪೊಲೀಸರಿಗೆ 33 ಸಲ ಫೋನ್ ಮಾಡಿದ್ದರು. ಒಂದೊಂದು ಕರೆಯನ್ನೂ ಬಿಡಿ ಬಿಡಿ ಸಣ್ಣ ಗಲಾಟೆ ಎಂದೇ ನೋಡಿದರು. 2007ರಲ್ಲಿ ತಾಯಿ, ಮಗಳು ಇಬ್ಬರೂ ಇಲ್ಲವಾದರು. ಪೊಲೀಸರು ಮತ್ತು ಕೌನ್ಸಿಲ್‌ಗಳು ನಡೆದುಕೊಂಡ ರೀತಿಗೂ ಈ ಸಾವಿನಲ್ಲಿ ಪಾಲಿದೆ ಎಂದು 2009ರಲ್ಲಿ ಸಾವಿನ ವಿಚಾರಣೆಯ ಜ್ಯೂರಿ ಹೇಳಿತು. ಅವರು ಹೊರಗಿನವರಲ್ಲ, ಅಲ್ಲಿಯವರೇ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ. ಇನ್ನರ್ಧ ನೀವು ಹೇಳಬೇಕು: ಮೇಲಿನ ಮನೆಯವರು ಏನೆಂದು ಬೈದರು? ಬಣ್ಣ, ದೇಶ ಎತ್ತಿದ್ದರೆ ಅದು ಬರೀ ನೆರೆಮನೆ ಜಗಳ ಅಲ್ಲ, ಹೇಟ್ ಕ್ರೈಮ್, ದ್ವೇಷದ ಅಪರಾಧ. ಪೊಲೀಸರ 101ಕ್ಕೆ ಫೋನ್ ಮಾಡಿ ‘ಹೇಟ್ ಕ್ರೈಮ್’ ಎಂಬ ಶಬ್ದವನ್ನೇ ಬಳಸಿ ದಾಖಲಿಸಿ. ಜೀವಭಯ ಇದ್ದರೆ 999.

ಬಿಡಿ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಲೆಂದೇ 2014ರ ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ಇದೆ. ಮೊದಲು ಕಮ್ಯುನಿಟಿ ಟ್ರಿಗರ್ ಎನ್ನುತ್ತಿದ್ದರು, ಈಗ ಎಎಸ್‌ಬಿ ಕೇಸ್ ರಿವ್ಯೂ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ ನೀವು ಇದನ್ನು ಕೇಳಬಹುದು. ಪ್ರತಿ ಘಟನೆಯನ್ನೂ ಒಂದು ತಿಂಗಳೊಳಗೆ ತಿಳಿಸಿರಬೇಕು. ಆಗ ಕೌನ್ಸಿಲ್, ಪೊಲೀಸ್, ಆರೋಗ್ಯ ಇಲಾಖೆಯವರು ಎಲ್ಲ ಸೇರಿ ಯಾರು ಏನು ಮಾಡಿದರು, ಏನು ಬಿಟ್ಟರು ಎಂದು ನೋಡಿ ನಿಮಗೆ ತಿಳಿಸಬೇಕು. ಅದು ಶಿಕ್ಷೆ ಕೊಡುವ ಕಟ್ಟೆಯಲ್ಲ, ನಿಜ. ಆದರೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತ ಮೇಲೆ ‘ಅವರಿಗೆ ಹೇಳಿ’ ಅನ್ನುವುದು ಕಷ್ಟ. ಬಹಳ ಜನರಿಗೆ ಈ ಹೆಸರೇ ಗೊತ್ತಿಲ್ಲ. ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ. ಹೆಸರು ಹಿಡಿದೇ ಕೇಳಿ. ಅದೂ ಆಗದಿದ್ದರೆ ಕೌನ್ಸಿಲ್ ಮೇಲೆಯೇ ದೂರು, ನಂತರ, ವಿಷಯ ನಿಮಗೆ ಗೊತ್ತಾದ 12 ತಿಂಗಳೊಳಗೆ, ಆಡಳಿತದ ಲೋಪ ವಿಚಾರಿಸುವ ಓಂಬುಡ್ಸ್‌ಮನ್. ಸದ್ದು ಜಾಸ್ತಿಯೋ ಕಮ್ಮಿಯೋ ಎಂದು ಅವರು ತೀರ್ಮಾನಿಸುವುದಿಲ್ಲ. ಕೌನ್ಸಿಲ್ ಸರಿಯಾಗಿ ವಿಚಾರಿಸಿತೇ ಎಂದಷ್ಟೇ ನೋಡುತ್ತಾರೆ.

ಇನ್ನು ಮಾರುವ ಮಾತು. ಅಲ್ಲಿ ಮನೆ ಮಾರುವಾಗ ಟಿಎ6 ಎಂಬ ಫಾರ್ಮ್ ತುಂಬುತ್ತಾರೆ. ನೆರೆಯವರೊಂದಿಗೆ ತಕರಾರು ಇತ್ತೇ ಎಂದು ಅದರಲ್ಲಿ ಕೇಳುತ್ತಾರೆ. ಸುಳ್ಳು ಬರೆದರೆ ಕೊಂಡವರು ನಿಮ್ಮ ಮೇಲೆಯೇ ಕೇಸು ಹಾಕಬಹುದು. ಇದಕ್ಕೆ ಹೆದರಿ ದೂರೇ ಕೊಡದೆ ಹಲ್ಲು ಕಚ್ಚಿ ಕೂರುವವರೂ ಇದ್ದಾರೆ. ನೀವು ಈಗಾಗಲೇ ದೂರು ಕೊಟ್ಟಾಗಿದೆ. ಆದ್ದರಿಂದ ತಕರಾರು ಮುಗಿಸಿ ಮಾರುವುದು ಲಾಭ, ನಡುವೆ ಬಿಟ್ಟು ಮಾರುವುದು ನಷ್ಟ.

ಮೊದಲ ದೂರು ಯಾವತ್ತು ಕೊಟ್ಟಿರಿ ಎಂದು ಪತ್ರದಲ್ಲಿ ಬರೆದಿಲ್ಲ. ಆ ಇಮೇಲ್ ಹುಡುಕಿ ತಾರೀಖು ನೋಡಿ. ನಿಮ್ಮ ಆರು ತಿಂಗಳ ಲೆಕ್ಕ ಆಗಲೇ ಓಡುತ್ತಿದೆ.