ಆಗದ ನಷ್ಟ ತುಂಬಲು ಗಿರವಿಗೆ ಹೊರಟ ಬಳೆಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಐವತ್ತು ದಾಟಿದ, ಹೊಲಿಗೆ ಕೆಲಸದಿಂದ ಸಂಸಾರ ತೂಗಿಸುವ ಮಹಿಳೆ. ನಿದ್ದೆ ಬರುವುದಿಲ್ಲ, ಮಗನ ಮುಖ ನೋಡಿ ಮಾತಾಡಲು ಆಗುವುದಿಲ್ಲ ಎಂದು ನನ್ನ ಬಳಿ ಸಮಾಲೋಚನೆಗೆ ಬಂದಿದ್ದರು. ದುಡ್ಡಿನ ವಿಷಯ ಬಾಯಿಬಿಟ್ಟದ್ದು ಎರಡನೇ ಭೇಟಿಯಲ್ಲಿ. "ನಾಳೆ ಬಳೆ ಅಡ ಇಡ್ತಿದೀನಿ ಮೇಡಂ, ಮನೇಲಿ ಯಾರಿಗೂ ಗೊತ್ತಿಲ್ಲ" ಅಂದರು.

ಚೀಟಿ ಎತ್ತಿದ ಹಣದಲ್ಲಿ ಕೆನರಾ ಬ್ಯಾಂಕಿನ 100 ಷೇರುಗಳನ್ನು ತಲಾ 400 ರೂಪಾಯಿಗೆ ಕೊಂಡಿದ್ದರು. 2024ರ ಮೇ ಮಧ್ಯದ ಹೊತ್ತಿಗೆ ಬೆಲೆ 560ರ ಆಸುಪಾಸಿನಲ್ಲಿತ್ತು. ಮೇ 15ರಂದು ಮೊಬೈಲಿನಲ್ಲಿ ನೋಡಿದರೆ ಷೇರು ಅದೇ 100, ಬೆಲೆ ಮಾತ್ರ ಐದನೇ ಒಂದು ಪಾಲು. 56 ಸಾವಿರವಿದ್ದದ್ದು 11 ಸಾವಿರ ಚಿಲ್ಲರೆ! ಗಾಬರಿಯಲ್ಲಿ ಆ್ಯಪ್ ತೆಗೆದುಹಾಕಿದವರು ಮತ್ತೆ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಅಂದು ನಡೆದದ್ದು ಷೇರು ವಿಭಜನೆ. ಬ್ಯಾಂಕು ತನ್ನ ಷೇರಿನ ಮುಖಬೆಲೆಯನ್ನು (ಪೇಟೆಯ ಬೆಲೆಯಲ್ಲ, ದಾಖಲೆಯಲ್ಲಿ ನಮೂದಾದ ಮೂಲ ಬೆಲೆ) 10 ರೂಪಾಯಿಯಿಂದ 2 ರೂಪಾಯಿಗೆ ಇಳಿಸಿ, ಒಂದೊಂದು ಷೇರನ್ನೂ ಐದು ಮಾಡಿತ್ತು. ಪೇಟೆಯಲ್ಲಿ ಬೆಲೆ ಅದೇ ದಿನ ಹೊಂದಿಕೊಳ್ಳುತ್ತದೆ. ಹೊಸ ಷೇರುಗಳು ಡಿಮ್ಯಾಟ್ ಖಾತೆಗೆ (ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ) ಬಂದು ಕಾಣಿಸಲು ಒಂದೆರಡು ದಿನ ಹಿಡಿಯುವುದುಂಟು. ಆ ಒಂದೆರಡು ದಿನ ಮೊಬೈಲು ತೋರಿಸುವ ನಷ್ಟ ನಷ್ಟವೇ ಅಲ್ಲ. ಇದನ್ನು ಸರಳ ಕನ್ನಡದಲ್ಲಿ ಒಂದು ಸಾಲಿನ ಸಂದೇಶವಾಗಿ ಕಳಿಸಿದ್ದರೂ ಈ ತಾಯಿಯ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆಯಾದ ಡಿಪಾಸಿಟರಿಯಿಂದ ಇಮೇಲಿಗೆ ಬಂದಿದ್ದ ಖಾತೆ ವಿವರವನ್ನು ಅವರ ಕೈಯಲ್ಲೇ ತೆರೆಸಿದೆ. 500 ಷೇರು. "ಇದು ನನ್ನದೇನಾ?" ಎಂದು ಮತ್ತೆ ಮತ್ತೆ ಕೇಳಿದರು.

ಅಡವಿನ ವಿಷಯ ಇನ್ನೂ ಉಳಿದಿತ್ತು. ಹೋದದ್ದನ್ನು ಮರಳಿ ಪಡೆಯುವ ಹಟದಲ್ಲಿ ಅವರು ಒಂದು ವಾಟ್ಸ್ಆ್ಯಪ್ ಗುಂಪು ಸೇರಿದ್ದರು. 3 ರೂಪಾಯಿಯ ಒಂದು ಷೇರು ಕ್ರೋಡೀಕರಣವಾಗಿ (ಹಲವು ಷೇರುಗಳನ್ನು ಸೇರಿಸಿ ಒಂದು ಮಾಡುವುದು, ವಿಭಜನೆಯ ತಿರುವುಮುರುವು) 30 ರೂಪಾಯಿ ಆಗಲಿದೆ, ಈಗಲೇ ಕೊಳ್ಳಿ ಎಂದು ಅಲ್ಲಿ ಒತ್ತಾಯ. ಕಾಗದದ ಮೇಲೆ ಲೆಕ್ಕ ಬರೆಸಿದೆ. 3 ರೂಪಾಯಿಯ 10,000 ಷೇರು ಅಂದರೆ 30 ಸಾವಿರ. ಹತ್ತಕ್ಕೆ ಒಂದಾದ ಮೇಲೆ 30 ರೂಪಾಯಿಯ 1,000 ಷೇರು, ಅದೂ 30 ಸಾವಿರವೇ. ಕಂಪನಿಯಲ್ಲಿ ಅವರ ಪಾಲು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಹಾಗಾದರೆ ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ? ವಿಭಜನೆ ಸಾಮಾನ್ಯವಾಗಿ ಬೆಲೆ ಏರಿದ ಮೇಲೆ, ಸಣ್ಣವರ ಕೈಗೂ ಎಟುಕಲಿ ಎಂದು. ಕ್ರೋಡೀಕರಣ ಹೆಚ್ಚಾಗಿ ಬೆಲೆ ನೆಲಕಚ್ಚಿದ ಮೇಲೆ. ಅಮೆರಿಕದ ಬ್ಯಾಂಕಿಂಗ್ ಕಂಪನಿ ಸಿಟಿಗ್ರೂಪ್ 2011ರ ಮೇನಲ್ಲಿ ಹತ್ತು ಷೇರುಗಳನ್ನು ಒಂದು ಮಾಡಿದಾಗ ನಾಲ್ಕೂವರೆ ಡಾಲರಿನ ಷೇರು 45 ಡಾಲರಿನ ಹತ್ತಿರ ಬಂತು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಹೂಡಿಕೆದಾರರು ಕಳೆದುಕೊಂಡದ್ದು ಅದರಿಂದ ಮರಳಲಿಲ್ಲ. ಕ್ರೋಡೀಕರಣದ ಸುದ್ದಿ ಬಂದರೆ ಬೆಲೆ ಅಷ್ಟು ಕುಸಿದದ್ದೇಕೆ, ಸಾಲವೆಷ್ಟು, ಲಾಭವಿದೆಯೇ ಎಂದು ಮೊದಲು ಕೇಳಬೇಕು.

ನನ್ನ ಮೊದಲ ಸಲಹೆ, ಬಳೆ ಅಡ ಇಡಬೇಡಿ, ಆ ಗುಂಪಿನಿಂದ ಇಂದೇ ಹೊರಬನ್ನಿ ಎಂಬುದು. ಎರಡನೆಯದು, ಕೊಂಡ ದಿನಾಂಕ ಮತ್ತು ಬೆಲೆಯನ್ನು ಬರೆದಿಡುವುದು. ವಿಭಜನೆಯಾದ ಮೇಲೆ ಅವರ ಒಂದು ಷೇರಿನ ಖರೀದಿ ಬೆಲೆ 80 ರೂಪಾಯಿ. ಮಾರಿದಾಗ ತೆರಿಗೆಗೆ ಹಳೆಯ ಖರೀದಿ ದಿನಾಂಕವೇ ಲೆಕ್ಕ. ಕಂಪನಿ ಹಣ ಪಡೆಯದೆ ಕೊಡುವ ಬೋನಸ್ ಷೇರಿನ ಹಾದಿ ಬೇರೆ. ಅದರ ಖರೀದಿ ಬೆಲೆ ಸೊನ್ನೆ, ಅವಧಿ ಎಣಿಕೆಯೂ ಅದು ಸಿಕ್ಕ ದಿನದಿಂದ. ಇನ್ನು ಕ್ರೋಡೀಕರಣದಲ್ಲಿ ಹತ್ತಕ್ಕೆ ಒಂದು ಅಂದಾಗ 104 ಷೇರಿದ್ದವರಿಗೆ 10 ಷೇರು ಬರುತ್ತವೆ. ಉಳಿದ ತುಣುಕುಗಳನ್ನು ಒಟ್ಟುಮಾಡಿ ಮಾರಿ, ಹಣವನ್ನು ಖಾತೆಗೆ ಹಾಕುವುದು ರೂಢಿ. ಆ ಸಣ್ಣ ಮೊತ್ತ ಬಂತೇ ಎಂದೂ ನೋಡಿಕೊಳ್ಳಬೇಕು.

ಯಾವ ಷೇರು ಕೊಳ್ಳಲಿ ಎಂದು ಅವರು ಕೇಳಿದರು. ಅದು ನನ್ನ ಕೆಲಸವಲ್ಲ, ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರನ್ನು ಕೇಳಿ ಎಂದೆ.

ಮುಂದಿನ ಭೇಟಿಗೆ ಮಗನನ್ನೂ ಕರೆತಂದಿದ್ದರು. ಅವನಿಗೆ ಕೋಪವಿರಲಿಲ್ಲ. "ಅಮ್ಮ ನಂಗೆ ಯಾಕೆ ಹೇಳಲಿಲ್ಲ?" ಎನ್ನುವ ನೋವಿತ್ತು. ಆ ಇಡೀ ಭೇಟಿಯಲ್ಲಿ ಷೇರಿನ ಮಾತೇ ಬರಲಿಲ್ಲ.