‘ಬ್ಯಾಟರಿಗೆ ಗ್ಯಾರಂಟಿ ಐತ್ರಿ, ಲ್ಯಾಪ್‌ಟಾಪಿಗಿಲ್ಲ!’

ಪ್ರಶ್ನೆ: ನಾನು ಇಳಕಲ್‌ನವಳು. ಮನೆಯಿಂದಲೇ ಸೀರೆ ಮಾರುತ್ತೇನೆ. ಆರ್ಡರು, ಲೆಕ್ಕ, ಸೆರಗಿನ ಫೋಟೊ ಎಲ್ಲಾ ಲ್ಯಾಪ್‌ಟಾಪ್‌ನಲ್ಲೇ. ನಾಲ್ಕು ವರ್ಷದ ಹಿಂದೆ 46,000 ರೂಪಾಯಿ ಕೊಟ್ಟು ತಗೊಂಡಿದ್ದು. ಬ್ಯಾಟರಿ ನಿಲ್ಲುತ್ತಿರಲಿಲ್ಲ ಅಂತ ಬಾಗಲಕೋಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಕಂಪನಿ ಬ್ಯಾಟರಿಗೆ 4,500 ಆಗುತ್ತೆ, ಇದೂ ಅಂಥದ್ದೇ ಅಂತ ಹೇಳಿ 1,800ಕ್ಕೆ ಒಂದನ್ನು ಹಾಕಿಕೊಟ್ಟರು. ಆರು ತಿಂಗಳು ಗ್ಯಾರಂಟಿ ಅಂತ ಬಾಯಿಮಾತಲ್ಲಿ ಹೇಳಿದರು. ಬಿಲ್ ಕೊಡಲಿಲ್ಲ, ದುಡ್ಡು ಫೋನ್‌ಪೇ ಮಾಡಿದೆ. ಮೂರೇ ತಿಂಗಳಿಗೆ ಟಚ್‌ಪ್ಯಾಡ್ ಮೇಲೆದ್ದು ಬಂತು. ಆಮೇಲೆ ಒಂದು ದಿನ ಆಫ್ ಆಗಿದ್ದು ಮತ್ತೆ ಆನ್ ಆಗಲೇ ಇಲ್ಲ. ಕಂಪನಿಯ ಸರ್ವಿಸ್ ಸೆಂಟರ್‌ನವರು ಬ್ಯಾಟರಿ ಊದಿದೆ, ಮದರ್‌ಬೋರ್ಡೂ ಹೋಗಿದೆ, 21,000 ಆಗುತ್ತೆ ಅಂದರು. ಅಂಗಡಿಯವರನ್ನು ಕೇಳಿದರೆ, ‘ಬ್ಯಾಟರಿಗೆ ಗ್ಯಾರಂಟಿ ಐತ್ರಿ, ಲ್ಯಾಪ್‌ಟಾಪಿಗಿಲ್ಲ. ಹಳೇದು ಕೊಡ್ರಿ, ಹೊಸಾ ಬ್ಯಾಟರಿ ಕೊಡ್ತೀನಿ’ ಅಂತಾರೆ. ಮದುವೆ ಸೀಸನ್ ಆರ್ಡರೂ ಹೋದವು. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಆ ಊದಿದ ಬ್ಯಾಟರಿಯನ್ನು ಅಂಗಡಿಯವರ ಕೈಗೆ ಕೊಡಬೇಡಿ. ಬದಲಿ ಬ್ಯಾಟರಿ ಕೊಡ್ತೀನಿ ಅನ್ನೋದು ಒಳ್ಳೆ ಮನಸ್ಸಿನಿಂದಲೇ ಇರಬಹುದು. ಆದರೆ ನಿಮ್ಮ ಹತ್ತಿರ ಇರುವ ದೊಡ್ಡ ಸಾಕ್ಷಿ ಅದೊಂದೇ. 1,800 ರೂಪಾಯಿಯ ಮಾಲು ಇಸಕೊಂಡು 21,000ದ ದಾರಿ ಮುಚ್ಚಿಕೊಳ್ಳಬೇಡಿ.

ಇಟ್ಟುಕೊಳ್ಳುವಾಗಲೂ ಹುಷಾರು. ಅದನ್ನು ಲ್ಯಾಪ್‌ಟಾಪ್‌ನಿಂದ ಸರ್ವಿಸ್ ಸೆಂಟರ್‌ನವರ ಕೈಯಲ್ಲೇ ತೆಗೆಸಿ. ಒತ್ತಬೇಡಿ, ಚುಚ್ಚಬೇಡಿ, ಕೆಲಸ ಮಾಡುತ್ತಾ ನೋಡೋಣ ಅಂತ ಚಾರ್ಜಿಗಂತೂ ಹಾಕಬೇಡಿ. ಒಳಗಿನ ರಾಸಾಯನಿಕ ಕೆಟ್ಟು ಗ್ಯಾಸ್ ಆಗಿರುವುದರಿಂದಲೇ ಅದು ಊದಿರೋದು. ಪೆಟ್ಟು ಬಿದ್ದರೆ ಬೆಂಕಿ ಹತ್ತಬಹುದು. ಒಣ ಮರಳು ತುಂಬಿದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿ ಮಾಡದೆ, ಮನೆಯ ಹೊರಗೆ ನೆರಳಲ್ಲಿಡಿ. ಸೀರೆ ಇಟ್ಟ ಕೋಣೆಯಲ್ಲಿ ಬೇಡವೇ ಬೇಡ.

ಡಬ್ಬಿಗೆ ಹಾಕುವ ಮೊದಲು ಎಲ್ಲಾ ಮಗ್ಗುಲಿಂದ ಫೋಟೊ ತೆಗೆಯಿರಿ, ಸ್ಟಿಕ್ಕರ್ ಓದಲು ಬರುವ ಹಾಗೆ. ನಮ್ಮಲ್ಲಿ ಮಾರುವ ಇಂಥ ಲಿಥಿಯಂ ಬ್ಯಾಟರಿಗೆ ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಕಡ್ಡಾಯ. ಸ್ಟಿಕ್ಕರ್ ಮೇಲೆ ‘ಐಎಸ್ 16046’ ಅಂತಲೂ, ‘ಆರ್’ ಅಕ್ಷರದಿಂದ ಶುರುವಾಗುವ ಒಂದು ನಂಬರೂ ಇರಬೇಕು. ಆ ನಂಬರನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ತೋರಿಸುತ್ತದೆ. ನಂಬರೇ ಇಲ್ಲ, ಅಥವಾ ಅದು ಬೇರೆ ಯಾವುದೋ ಸಾಮಾನಿನದು ಅಂತ ಬಂದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಮ್ಮ ಕೇಸು ಅಲ್ಲೇ ಅರ್ಧ ಗಟ್ಟಿಯಾಗುತ್ತದೆ.

ಈಗ ಅಂಗಡಿಯವರ ಮಾತಿಗೆ ಬರೋಣ. ಕೇಳಲು ಸರಿ ಅನಿಸುತ್ತೆ, ಅಲ್ವಾ? ಕಾನೂನು ಹಾಗೆ ಹೇಳುವುದಿಲ್ಲ. ಗ್ಯಾರಂಟಿ ಅನ್ನೋದು ಬ್ಯಾಟರಿ ಕೆಟ್ಟರೆ ಬ್ಯಾಟರಿ ಕೊಡುವ ಮಾತು. ಆ ಬ್ಯಾಟರಿ ಬೇರೆ ವಸ್ತುವನ್ನು ಹಾಳು ಮಾಡಿದರೆ ಅದರ ಲೆಕ್ಕವೇ ಬೇರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ, ದೋಷವಿರುವ ವಸ್ತುವಿನಿಂದ ಆದ ಹಾನಿಗೆ ಯಾರು ಹೊಣೆ ಅಂತ ಒಂದು ಅಧ್ಯಾಯವೇ ಇದೆ. ಅಲ್ಲಿ ಹಾನಿ ಅಂದರೆ ಆ ವಸ್ತುವನ್ನು ಬಿಟ್ಟು ಉಳಿದ ಆಸ್ತಿಗೆ ಆದ ನಷ್ಟ. ನಿಮ್ಮ ಲ್ಯಾಪ್‌ಟಾಪ್ ಅದರಲ್ಲೇ ಬರುತ್ತದೆ.

‘ನಾನೇನು ಬ್ಯಾಟರಿ ಮಾಡಿದೀನಾ?’ ಅಂತಲೂ ಕೇಳಬಹುದು. ತಯಾರಿಸಿದವರು ಯಾರೆಂದೇ ಗೊತ್ತಿಲ್ಲದ ಮಾಲು ಮಾರಿದರೆ ಮಾರಿದವನೇ ಹೊಣೆ. ಇದು 86ನೇ ಸೆಕ್ಷನ್. ಹೆಸರಿಲ್ಲದ ಬ್ಯಾಟರಿ ತರಿಸಿ ಮಾರುವವರು ಇದನ್ನು ಒಮ್ಮೆ ಓದಿದರೆ ಒಳ್ಳೆಯದು.

ಬಿಲ್ ಇಲ್ಲ ಅಂತ ಎದೆಗುಂದಬೇಡಿ. ಬಿಲ್ ಕೊಡದೆ ಇರುವುದೇ ಇದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಫೋನ್‌ಪೇ ದಾಖಲೆ, ಅಂಗಡಿಯವರ ಜೊತೆಗಿನ ವಾಟ್ಸಾಪ್ ಮಾತು, ಇದ್ದರೆ ಕಾಲ್ ರೆಕಾರ್ಡಿಂಗ್ ಎಲ್ಲಾ ಉಳಿಸಿಕೊಳ್ಳಿ. ‘ನಿಮ್ಮಲ್ಲಿ ಹಾಕಿಸಿದ ಬ್ಯಾಟರಿ ಊದಿದೆ’ ಅಂತ ಫೋಟೊ ಸಮೇತ ಈಗ ಒಂದು ಮೆಸೇಜ್ ಹಾಕಿ. ಬ್ಯಾಟರಿ ಬದಲಿಸಿ ಕೊಡ್ತೀನಿ ಅಂತ ಉತ್ತರ ಬಂದರೆ, ತಾವೇ ಹಾಕಿದ್ದು ಅಂತ ಒಪ್ಪಿಕೊಂಡ ಹಾಗೆ.

ಕಷ್ಟ ಇರುವುದು ಬೇರೆ ಕಡೆ. ಬ್ಯಾಟರಿ ಊದಿ ಟಚ್‌ಪ್ಯಾಡ್ ಎತ್ತಿದ್ದು ಯಾರ ಕಣ್ಣಿಗಾದರೂ ಕಾಣುತ್ತದೆ. ಮದರ್‌ಬೋರ್ಡ್ ಹೋಗಿದ್ದು ಅದರಿಂದಲೇ ಅಂತ ತೋರಿಸಬೇಕಲ್ಲ, ಜಗಳ ನಡೆಯುವುದು ಅಲ್ಲೇ. ಕರೆಂಟ್ ಹೆಚ್ಚು ಕಡಿಮೆ ಆಗಿದೆ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ದೀರಿ ಅಂತ ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಬ್ಯಾಟರಿ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವುದು ಲ್ಯಾಪ್‌ಟಾಪ್ ಮತ್ತು ಬ್ಯಾಟರಿಯೊಳಗಿನ ಸರ್ಕ್ಯೂಟಿನ ಕೆಲಸವೂ ಹೌದು. ಆದರೂ ಇದನ್ನೆಲ್ಲಾ ನೀವು ಹೇಳುವುದಕ್ಕಿಂತ ಸರ್ವಿಸ್ ಸೆಂಟರ್‌ನವರು ಕಾಗದದ ಮೇಲೆ ಬರೆದುಕೊಟ್ಟರೆ ತೂಕ ಜಾಸ್ತಿ. ಬೋರ್ಡಿನ ಯಾವ ಭಾಗ ಸುಟ್ಟಿದೆ, ಬ್ಯಾಟರಿ ಕನೆಕ್ಟರ್ ಹತ್ತಿರವೋ ದೂರವೋ, ಕಾರಣ ಏನು, ಖರ್ಚು ಎಷ್ಟು ಅಂತ ಸೀಲು ಸಹಿ ಹಾಕಿಸಿ ಇಸಕೊಳ್ಳಿ. ಅದಕ್ಕೆ ಮೊದಲು ಇನ್ನೊಬ್ಬ ರಿಪೇರಿಯವರ ಹತ್ತಿರ ಬಿಚ್ಚಿಸಬೇಡಿ. ಕೆಲಸಕ್ಕೆ ಬೇಕೇ ಬೇಕು ಅಂದರೆ ವರದಿ ಕೈಗೆ ಬಂದ ಮೇಲೆ ರಿಪೇರಿ ಮಾಡಿಸಿ, ಹಳೇ ಬೋರ್ಡ್ ವಾಪಸ್ ಕೇಳಿ. ಅಂದ ಹಾಗೆ, ಬೋರ್ಡ್ ಸುಟ್ಟರೆ ಫೋಟೊ, ಲೆಕ್ಕ ಎಲ್ಲಾ ಹೋಯಿತು ಅಂತೇನಿಲ್ಲ. ಅವು ಉಳಿದಿರುವ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಬೋರ್ಡಿನಿಂದ ಬೇರೆಯಾಗಿದ್ದರೆ ತೆಗೆಸಿ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನೋಡಿಸಿ.

ಎಷ್ಟು ಕೇಳಬೇಕು? ಹೊಸ ಲ್ಯಾಪ್‌ಟಾಪ್ ಕೇಳಬೇಡಿ, ನಾಲ್ಕು ವರ್ಷ ಹಳೆಯದಕ್ಕೆ ಯಾರೂ ಕೊಡಿಸುವುದಿಲ್ಲ. ರಿಪೇರಿಯ 21,000, ಬ್ಯಾಟರಿಯ 1,800, ಜೊತೆಗೆ ಮಾನಸಿಕ ಹಿಂಸೆಗೆ ಮತ್ತು ಕೇಸಿನ ಖರ್ಚಿಗೆ ಒಂದು ಹದವಾದ ಮೊತ್ತ. ಹೋದ ಆರ್ಡರುಗಳ ವಿಷಯದಲ್ಲಿ ಸುಮ್ನೆ ಆಸೆ ಹಚ್ಚುವುದಿಲ್ಲ. ನಾನು ಹೇಳಿದ ಅಧ್ಯಾಯ ವ್ಯಾಪಾರದ ನಷ್ಟವನ್ನು ಹೊರಗಿಟ್ಟಿದೆ. ಬ್ಯಾಟರಿ ಕೂರಿಸಿದ ಕೆಲಸದಲ್ಲೂ ಲೋಪ ಇದೆ ಅಂತ ದೂರಿನಲ್ಲಿ ಸೇರಿಸಿ, ರದ್ದಾದ ಆರ್ಡರುಗಳ ದಾಖಲೆ ಇಟ್ಟು ಕೇಳಬಹುದು. ಬಂದರೆ ಬಂತು.

ವ್ಯಾಪಾರಕ್ಕೆ ಬಳಸಿದ್ದೀರಿ, ನೀವು ಗ್ರಾಹಕರೇ ಅಲ್ಲ ಅಂತ ಅವರ ವಕೀಲರು ಎತ್ತಬಹುದು. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ.

ಮೊದಲು 15 ದಿನ ಟೈಮ್ ಕೊಟ್ಟು ಕನ್ನಡದಲ್ಲೇ ಒಂದು ನೋಟಿಸ್ ಬರೆದು ಸ್ಪೀಡ್ ಪೋಸ್ಟ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅವರು ತೀರ್ಪು ಕೊಡುವವರಲ್ಲ, ಆದರೂ ಕೆಲವು ಸಲ ಅಷ್ಟಕ್ಕೇ ಅಂಗಡಿಯವರು ದಾರಿಗೆ ಬರುತ್ತಾರೆ. ಬರದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸು ಇಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ಕಾಯ್ದೆಯ ಲೆಕ್ಕದಲ್ಲಿ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕು. ಆ ತಾರೀಖು ನಂಬಿ ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡಬೇಡಿ.

ಪ್ರಶ್ನೆ: ನಾನು ವಿಜಯಪುರದವನು. ಆನ್‌ಲೈನ್‌ನಲ್ಲಿ 650 ರೂಪಾಯಿಯ ಚಾರ್ಜರ್ ತರಿಸಿದೆ. ಇಪ್ಪತ್ತು ದಿನಕ್ಕೆ ಲ್ಯಾಪ್‌ಟಾಪ್ ಸುಟ್ಟಿತು. ವಾಪಸ್ ಮಾಡುವ ಏಳು ದಿನ ಮುಗಿದಿದೆ ಅಂತಾರೆ. ಮಾರಿದವರು ದಿಲ್ಲಿಯವರು. ಕೇಸಿಗೆ ಅಲ್ಲಿಗೆ ಹೋಗಬೇಕಾ?

ಉತ್ತರ: ಬೇಡ. ನೀವಿರುವ ಊರಲ್ಲೇ, ಅಂದರೆ ವಿಜಯಪುರದ ಆಯೋಗದಲ್ಲೇ ದೂರು ಹಾಕಬಹುದು. ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಆನ್‌ಲೈನ್ ಕೂಡ ಆಗುತ್ತದೆ. ಏಳು ದಿನದ ನಿಯಮ ಚಾರ್ಜರ್ ವಾಪಸ್ ಮಾಡುವುದಕ್ಕೆ ಮಾತ್ರ, ಅದು ಮಾಡಿದ ಹಾನಿಗಲ್ಲ. ಮೊದಲು ಚಾರ್ಜರ್ ತರಿಸಿದ ಆ್ಯಪ್‌ನವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ದೂರು ಮುಟ್ಟಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ ಆನ್‌ಲೈನ್ ವ್ಯಾಪಾರದ 2020ರ ನಿಯಮವಿದೆ. ದೂರು ಹಾಕುವಾಗ ಮಾರಿದವರು, ಆ್ಯಪ್‌ನವರು ಇಬ್ಬರನ್ನೂ ಸೇರಿಸಿ.

ಅದಕ್ಕೂ ಮುಂಚೆ ಒಂದು ಕೆಲಸ. ಲ್ಯಾಪ್‌ಟಾಪಿನ ತಳದಲ್ಲಿ ಎಷ್ಟು ವೋಲ್ಟ್ ಅಂತಿದೆ, ಚಾರ್ಜರ್ ಮೇಲೆ ಎಷ್ಟಿದೆ ಹೋಲಿಸಿ ನೋಡಿ. ಆಂಪಿಯರ್ ಜಾಸ್ತಿ ಇದ್ದರೆ ನಡೆಯುತ್ತದೆ, ವೋಲ್ಟ್ ಮಾತ್ರ ಹೊಂದಬೇಕು. ಹೊಂದದಿದ್ದರೂ, ಮಾರಾಟದ ಪುಟದಲ್ಲಿ ನಿಮ್ಮ ಮಾಡೆಲ್‌ಗೆ ಆಗುತ್ತದೆ ಅಂತ ಬರೆದಿದ್ದರೆ ತಪ್ಪು ಅವರದು. ಆ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ, ನಾಳೆಗೆ ಅಳಿಸಿಬಿಟ್ಟಾರು. ಹಾಗೇನೂ ಬರೆದಿಲ್ಲ, ಪಿನ್ ಹೊಂದುತ್ತೆ ಅಂತ ನೀವೇ ಆರಿಸಿ ತರಿಸಿದ್ದು ಅಂದರೆ ನಿಮ್ಮ ಕೇಸು ಗಟ್ಟಿಯಿಲ್ಲ.