ಬಾಯಿಪಾಠದ ಇಂಟರ್‌ವ್ಯೂ ಎಷ್ಟು ದೂರ ಬಂದೀತು?

ಓದುಗರ ಪತ್ರ: ನಾನು ನಿವೃತ್ತ ಶಿಕ್ಷಕಿ. ಶಾಲೆ ಮುಗಿಸಿದ ಕೆಲವು ಮಕ್ಕಳನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಇಂಟರ್‌ವ್ಯೂ ಪ್ರಶ್ನೆ, ಉತ್ತರ ಬಾಯಿಪಾಠ ಮಾಡಿಸುತ್ತೇನೆ. ಆದರೆ ‘ಮುಂದೆ ಏನು ಮಾಡಬೇಕು ಅಂತಿದ್ದೀಯ?’ ಅಂದರೆ ತಲೆ ತಗ್ಗಿಸುತ್ತಾರೆ. ಕೆಲಸಕ್ಕೆ ಸೇರಿಸುವುದೋ, ಓದಿಸುವುದೋ ನನಗೂ ತಿಳಿಯುತ್ತಿಲ್ಲ.

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ವಾರವಾರ ತಪ್ಪದೆ ಆ ಮಕ್ಕಳ ಜೊತೆ ಕೂರುತ್ತಿದ್ದೀರಲ್ಲ, ಅದು ಸಣ್ಣ ಮಾತಲ್ಲ. ಆದರೆ ಬಾಯಿಪಾಠವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರು ತಲೆ ತಗ್ಗಿಸುವುದು ಆಸೆ ಇಲ್ಲದ್ದಕ್ಕಲ್ಲ. ಅವರು ಕಣ್ಣಾರೆ ಕಂಡ ಕೆಲಸಗಳೇ ಕಡಿಮೆ. ಟೀಚರ್, ಡಾಕ್ಟರ್, ಪೊಲೀಸ್, ಡ್ರೈವರ್ ಎಲ್ಲರಿಗೂ ಗೊತ್ತು. ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್, ಜಮೀನು ಅಳೆಯುವ ಸರ್ವೇಯರ್, ಗೋದಾಮಿನಲ್ಲಿ ಸರಕಿನ ಲೆಕ್ಕ ಇಡುವವರು ದಿನವಿಡೀ ಏನು ಮಾಡುತ್ತಾರೆ ಅಂತ ಎಷ್ಟು ಮಕ್ಕಳಿಗೆ ಗೊತ್ತು? ಕಾಣದ್ದನ್ನು ಬಯಸುವುದಾದರೂ ಹೇಗೆ, ಅಲ್ವಾ?

1908ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಯುವಜನರಿಗೆ ಉದ್ಯೋಗ ಸಲಹೆ ಕೊಡುವ ಕೇಂದ್ರ ಶುರು ಮಾಡಿದರು. ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಕೆಲಸವನ್ನು ತಿಳಿ, ನಂತರ ಎರಡನ್ನೂ ತಾಳೆ ಹಾಕಿ ನೋಡು ಎನ್ನುವುದು ಅವರ ದಾರಿ. ನಾವು ಮೊದಲನೆಯದಕ್ಕೆ ಮಕ್ಕಳ ಸಾಮರ್ಥ್ಯ ಅಳೆಯುವ ಒಂದು ಆಪ್ಟಿಟ್ಯೂಡ್ ಟೆಸ್ಟ್ ಬರೆಸಿ, ಎರಡನೆಯದನ್ನು ಬಿಟ್ಟೇಬಿಡುತ್ತೇವೆ. ನೀವು ಅದನ್ನೇ ಹಿಡಿಯಿರಿ.

ಒಬ್ಬೊಬ್ಬರೂ ಒಬ್ಬ ಕೆಲಸಗಾರರ ಪಕ್ಕದಲ್ಲಿ ಅರ್ಧ ದಿನ ಇದ್ದು ಬರಲಿ. ಜಾಸ್ತಿ ಹೊತ್ತು ಯಾವ ಕೆಲಸಕ್ಕೆ ಹೋಗುತ್ತದೆ, ಬೇಜಾರು ತರಿಸುವುದು ಯಾವುದು, ಇದಕ್ಕೆ ಏನು ಓದಿರಬೇಕು ಅಂತ ಕೇಳಲಿ. ಹೋಗುವ ಮುಂಚೆ ಫೋನ್ ಮಾಡಿ ಒಪ್ಪಿಗೆ ಕೇಳುವುದೂ ಮಕ್ಕಳೇ. ನೀವು ಪಕ್ಕದಲ್ಲಿರಿ, ಫೋನ್ ಮಾತ್ರ ಇಸ್ಕೋಬೇಡಿ. ಗುರುತಿಲ್ಲದ ಹಿರಿಯರೊಡನೆ ಮಾತಾಡುವ ಧೈರ್ಯ ಬರುವುದು ಹಾಗೆಯೇ.

ಈ ಪರಿಚಯಗಳು ಮುಂದೆಯೂ ಕೈ ಹಿಡಿಯುತ್ತವೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತೋರಿಸಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತ ಗೆಳೆಯರಲ್ಲ, ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಮನೆಯವರ ಓಡಾಟ, ಒಡನಾಟ ಕಡಿಮೆ ಇರುವ ಮಕ್ಕಳಿಗೆ ನೀವು ಕೊಡಬಹುದಾದ ದೊಡ್ಡ ಸಹಾಯ ಇದೇ ಅಂತ ನನ್ನ ಗಟ್ಟಿ ನಂಬಿಕೆ.

ಇನ್ನು ಬಯೋಡೇಟಾ. ‘ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೆ ಹೊಂದಿಕೊಳ್ಳುವ ಗುಣ’ ಅಂತ ಎಲ್ಲರೂ ಬರೆಯುತ್ತಾರೆ. ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ‘ನಾನು ಇದುವರೆಗೂ ಏನೂ ಮಾಡಿಲ್ಲ’ ಅನ್ನುವ ಹುಡುಗಿಯನ್ನು ಕೆದಕಿ ಕೇಳಿ. ತಾಯಿಗೆ ಹುಷಾರಿಲ್ಲದಾಗ ಮನೆ ಖರ್ಚಿನ ಲೆಕ್ಕ ಇಟ್ಟಿರುತ್ತಾಳೆ, ಔಷಧಿಯ ಹೊತ್ತು ತಪ್ಪದೆ ನೋಡಿಕೊಂಡಿರುತ್ತಾಳೆ, ತಮ್ಮನಿಗೆ ಪಾಠ ಹೇಳಿಕೊಟ್ಟಿರುತ್ತಾಳೆ. ‘ಆರು ತಿಂಗಳು ಮನೆಯ ಖರ್ಚು ವೆಚ್ಚ ಬರೆದಿಟ್ಟು ನಿಭಾಯಿಸಿದ್ದೇನೆ’ ಅಂತ ಬರೆದರೆ ಆ ಒಂದು ಸಾಲೇ ಮಾತಾಡುತ್ತದೆ. ಇಂಟರ್‌ವ್ಯೂನಲ್ಲಿ ಅದರ ಬಗ್ಗೆಯೇ ಕೇಳುತ್ತಾರೆ. ತಾನೇ ಮಾಡಿದ್ದನ್ನು ಹೇಳಲು ಬಾಯಿಪಾಠ ಬೇಕಿಲ್ಲ. ಅಭ್ಯಾಸ ಬೇಕು ನಿಜ. ಅದನ್ನು ನಿಮ್ಮ ಬದಲು ಮಕ್ಕಳಿಗೆ ಗುರುತಿಲ್ಲದ ಯಾರಾದರೂ ಮಾಡಿಸಲಿ. ನಿಮ್ಮ ಮುಂದೆ ಅವರಿಗೆ ಹೆದರಿಕೆ ಆಗುವುದಿಲ್ಲ.

ಕೆಲಸವೋ ಓದೋ ಅಂತ ಕೇಳಿದ್ದೀರಿ. ಇದು ಒಂದೇ ಸಲಕ್ಕೆ ತೀರ್ಮಾನ ಆಗಬೇಕಾದ್ದಲ್ಲ. ಕೆಲಸ ಕಲಿಯುತ್ತಲೇ ಓದುವ ಅಪ್ರೆಂಟಿಸ್ ಪದ್ಧತಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬೇರೂರಿದೆ. ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ, ಉಳಿದ ದಿನ ತರಗತಿಯಲ್ಲಿ. ಕೋರ್ಸ್‌ಗೆ ಸೇರಿಸುವ ಮುಂಚೆ ಎರಡು ವಿಷಯ ವಿಚಾರಿಸಿ. ಈ ಸರ್ಟಿಫಿಕೇಟ್‌ಗೆ ಮಾನ್ಯತೆ ಕೊಟ್ಟವರು ಯಾರು? ಇದರಿಂದ ಮುಂದಿನ ಓದಿಗೆ ದಾರಿ ಇದೆಯಾ? ಬ್ರೋಷರ್ ನೋಡಿ ಸುಮ್ನೆ ನಂಬಬೇಡಿ. ಹಿಂದಿನ ವರ್ಷ ಓದಿ ಹೊರಬಂದವರನ್ನು ಹುಡುಕಿ ಮಾತಾಡಿಸಿ.

ಕೊನೆಗೊಂದು ಕೋರಿಕೆ. ಕೆಲಸ ಅಥವಾ ಸೀಟು ಸಿಕ್ಕ ಕೂಡಲೇ ಭೇಟಿ ನಿಲ್ಲಿಸಬೇಡಿ. ಬಸ್ ತಪ್ಪಿತು, ಮೇಲಿನವರು ಗದರಿದರು, ಪಾಠ ಅರ್ಥವಾಗಲಿಲ್ಲ ಅಂತ ಮಕ್ಕಳು ಸದ್ದಿಲ್ಲದೆ ಬಿಟ್ಟುಬರುವುದು ಮೊದಲ ಕೆಲವು ವಾರಗಳಲ್ಲೇ. ಆ ದಿನಗಳಲ್ಲಿ ಸಂಜೆ ಹೊತ್ತು ನೀವೇ ಒಂದು ಫೋನ್ ಮಾಡಿ, ‘ಇವತ್ತು ಹೇಗಾಯ್ತಪ್ಪಾ?’ ಅಂತ ಕೇಳಿ.